ಗ್ಯಾರೆಟ್ ಹೇಳದ ಸಾರಿ

ತೀರ್ಪು ಓದಲು ನ್ಯಾಯಾಧೀಶರಿಗೆ ನಲವತ್ತು ನಿಮಿಷ ಹಿಡಿಯಿತು. ವಿಲ್ಮಾಗೆ ಅರ್ಥವಾದದ್ದು ಇಷ್ಟು: ಎರಡು ವರ್ಷದ ಹಿಂದೆ ಅವಳ ಮನೆಯ ಬಾಗಿಲು ಒದ್ದು ನುಗ್ಗಿ, ಹಿಮ ಎತ್ತುವ ಸಲಿಕೆಯಿಂದ ಅವಳ ಬಲಗೈ ಜಜ್ಜಿದವನು ಪಕ್ಕದ ಬೀದಿಯ ಗ್ಯಾರೆಟ್ ಹೌದು, ಆದರೆ ಅವನು ಅಪರಾಧಿಯಲ್ಲ. ವಿಸ್ಕಿಯ ಮೇಲೆ ನಶೆಯ ಅಣಬೆ ತಿಂದಿದ್ದನಂತೆ. ಕೈಕಾಲು ಅವನ ಹಿಡಿತದಲ್ಲೇ ಇರಲಿಲ್ಲವಂತೆ. ಹೀಗಾದೀತೆಂದು ಅವನು ಊಹಿಸುವಂತೆಯೂ ಇರಲಿಲ್ಲವಂತೆ. ಬಿಡುಗಡೆ.

"ಹಾಗಾದ್ರೆ ನನ್ನ ಕೈ ಮುರಿದಿದ್ದು ಯಾರು? ಸಲಿಕೆನಾ?" ವಿಲ್ಮಾ ನಾದಿನಿ ಐರಿಸ್‌ಳ ಕಿವಿಯಲ್ಲಿ ಗೊಣಗಿದಳು.

"ಮೆಲ್ಲಗೆ ಮಾತಾಡೇ. ಕಾನೂನೇ ಹಂಗಿದೆಯಂತೆ."

"ಆ ಕಾನೂನಿಗಿಷ್ಟು ಬೆಂಕಿ ಹಾಕ! ಅಣಬೆನ ಅವನ ಬಾಯಿಗೆ ನಾನು ತುರುಕಿದ್ನಾ?"

ಊರಿನಲ್ಲಿ ಕಲ್ಲು ಜಾರಿಸಿ ಆಡುವ ಕರ್ಲಿಂಗ್ ಆಟದ ಅಂಗಳದ ಮಂಜುಗಡ್ಡೆಯ ಮೇಲೆ ಹದವಾಗಿ ನೀರು ಚಿಮುಕಿಸುವ ಕೆಲಸ ಇಪ್ಪತ್ತು ವರ್ಷ ಅವಳದಾಗಿತ್ತು. ಹನಿಗಳು ಸರಿಯಾಗಿ ಬೀಳದಿದ್ದರೆ ಆಟದ ಕಲ್ಲು ನೆಟ್ಟಗೆ ಜಾರುವುದಿಲ್ಲ. ಈಗ ಆ ಕೈಯಲ್ಲಿ ಚಮಚವೂ ನಿಲ್ಲದು. ಅವನು ಜೈಲಿಗೆ ಹೋಗಲೆಂಬ ಹಟವೂ ಅವಳಲ್ಲಿ ಉಳಿದಿರಲಿಲ್ಲ. ಅವನ ಬಾಯಿಂದ 'ಸಾರಿ' ಅಂತ ಬಂದರೆ ಸಾಕಿತ್ತು. ಕೆನಡಾದವರ ಬಾಯಲ್ಲಿ ಅದೇನು ಅಪರೂಪದ ಮಾತೇ? ಕಾಲು ತುಳಿದವನೂ ಹೇಳುತ್ತಾನೆ, ತುಳಿಸಿಕೊಂಡವನೂ ಹೇಳುತ್ತಾನೆ. ಕುರ್ಚಿ ತಾಗಿದರೆ ಕುರ್ಚಿಗೂ ಹೇಳುತ್ತೇವೆ. ಎರಡು ವರ್ಷದಿಂದ ತುಟಿ ಬಿಚ್ಚದವನು ಗ್ಯಾರೆಟ್ ಒಬ್ಬನೇ. ಕೇಸು ಮುಗಿಯೋವರೆಗೆ ಹಾಗೆ ಹೇಳಲೇಬೇಡ ಎಂದು ಅವನ ವಕೀಲ ತಡೆದಿದ್ದನಂತೆ. ಸರಿಯಪ್ಪ, ಈಗ ಕೇಸೇ ಮುಗಿಯಿತಲ್ಲ, ಇನ್ಯಾವ ನೆಪ?

"ಮುಖಕ್ಕೆ ಮುಖ ಕೊಟ್ಟು ಕೇಳೇಬಿಡ್ತೀನಿ," ಎಂದು ವಿಲ್ಮಾ ಎದ್ದಳು.

"ಬೇಡ ಕಣೇ, ಸುಮ್ನೆ ರಂಪ ಆಗುತ್ತೆ."

"ಆಗ್ಲಿ ಬಿಡು. ರಂಪ ಮಾಡೋಕೆ ನಾನೂ ಅಣಬೆ ತಿನ್ಬೇಕಾ?"

ಹೊರಗಿನ ಓಣಿಯಲ್ಲಿ ಬಾಗಿಲ ಪಕ್ಕವೇ ನಿಂತಳು. ಕೇಳಬೇಕಾದ್ದನ್ನು ಮನಸ್ಸಿನಲ್ಲೇ ನಾಲ್ಕು ಸಲ ಹೇಳಿಕೊಂಡಳು. ಬಾಗಿಲು ತೆರೆಯಿತು. ಫೋನು ನೋಡುತ್ತಾ ಬಂದ ಗ್ಯಾರೆಟ್‌ನ ಭುಜ ನೇರ ಅವಳ ಬಲಗೈಗೇ ಬಡಿಯಿತು. ನೋವು ಹೆಗಲಿನವರೆಗೆ ಏರಿತು.

"ಸಾರಿ," ಎಂದಳು ವಿಲ್ಮಾ.

ನಾಲಿಗೆಗೆ ಬಂದದ್ದು ಅದೊಂದೇ. ಗ್ಯಾರೆಟ್ ತಲೆಯೆತ್ತಿದ. ಗುರುತು ಹಿಡಿದು ಒಂದು ಕ್ಷಣ ಬಿಳಿಚಿಕೊಂಡವನ ಮುಖ, ಅವಳ ಮಾತು ಕಿವಿಗೆ ಬಿದ್ದದ್ದೇ ಸಡಿಲವಾಯಿತು.

"ಛೇ ಛೇ, ಪರವಾಗಿಲ್ಲ ಬಿಡಿ," ಎಂದು ಮೆಟ್ಟಿಲಿಳಿದು ಹೋದ.

ಐರಿಸ್ ಓಡಿ ಬಂದಳು. "ಏನಂದ? ಹೇಳಿದ್ನಾ?"

ವಿಲ್ಮಾಗೆ ತನ್ನ ಬಾಯನ್ನೇ ಕಿತ್ತು ಬಿಸಾಡಬೇಕೆನಿಸಿತು.

"ನನ್ನನ್ನ ಕ್ಷಮಿಸಿಬಿಟ್ಟ ಕಣೇ," ಎಂದಳು.