ಮೂಲಪ್ಪ ಹೇಳದೆ ಉಳಿಸಿದ ಅರ್ಥ

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಆ ಮೇಷ್ಟ್ರಿಗೆ ಮನೆಯಲ್ಲಿ ಮೂಲಪ್ಪ ಅಂತಲೇ ಹೆಸರು. ಇಟ್ಟವರು ಸ್ವಂತ ಅಕ್ಕನ ಗಂಡ, ಲಿಫ್ಟ್ ರಿಪೇರಿ ಮಾಡುವ ಭಾವ. "ಯಾವ ಮಾತೆತ್ತಿದರೂ ಅದರ ಮೂಲಕ್ಕೇ ಕೈ ಹಾಕ್ತಾನಲ್ಲ, ಇದೂ ಒಂಥರಾ ಮೂಲವ್ಯಾಧೀನೇ" ಎಂದು ಅವರು ನಕ್ಕಿದ್ದೇ ತಡ, ಹೆಸರು ಅಂಟಿಕೊಂಡಿತು. ಮೇಷ್ಟ್ರು ಮದುವೆಯಾಗಿರಲಿಲ್ಲ. ಅಕ್ಕನ ಮನೆಯ ಮಹಡಿ ಕೋಣೆಯಲ್ಲಿ ವಾಸ, ಕೆಳಗೆ ಎಲ್ಲರ ಜೊತೆ ಊಟ. ಊಟಕ್ಕೆ ಕೂತಾಗ ಯಾರಾದರೊಬ್ಬರು ಒಂದು ಇಂಗ್ಲಿಷ್ ಪದ ಎಸೆಯಬೇಕು, ಮೇಷ್ಟ್ರು ಅದರ ಹುಟ್ಟು ಹೇಳಬೇಕು. ಅದು ಆ ಮನೆಯ ಪದ್ಧತಿ.

ವಿಂಡೋ ಅಂದರೆ ಹಿಂದೊಮ್ಮೆ ಗಾಳಿಯ ಕಣ್ಣು. ಡಿಸಾಸ್ಟರ್ ಅಂದರೆ ಕೆಟ್ಟ ನಕ್ಷತ್ರ. ಮಸಲ್ ಅಂದರೆ ಪುಟ್ಟ ಇಲಿ; ತೋಳು ಮಡಚಿದರೆ ಚರ್ಮದಡಿ ಇಲಿ ಓಡಿದ ಹಾಗೆ ಕಾಣುತ್ತದಲ್ಲ, ಅದಕ್ಕೆ. ಅವತ್ತು ಭಾವ ಎಡಗೈಯ ತೋಳೇರಿಸಿ ಇಲಿ ಓಡಿಸಿದ್ದೇ ಓಡಿಸಿದ್ದು, ಮಗಳಿಗೆ ನಗುತ್ತಾ ನಗುತ್ತಾ ತುತ್ತು ನೆತ್ತಿಗೇರಿತ್ತು. ಅಕ್ಕನಿಗೆ ಇಂಗ್ಲಿಷಿನ ಗಂಧಗಾಳಿಯಿಲ್ಲ. ಆದರೆ ತಮ್ಮನಿಗೆ ಬರುತ್ತದೆ ಎಂಬ ಜಂಬ ಮಾತ್ರ ಬೇಕಾದಷ್ಟಿತ್ತು.

ಅದೇ ಜಂಬದಿಂದಲೇ ಆಸ್ಪತ್ರೆಗೆ ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು. ಭಾವನ ಹೊಟ್ಟೆಯ ಗಡ್ಡೆಗೆ ಎರಡು ಸಲ ಆಪರೇಷನ್ ಆಗಿತ್ತು. ದೊಡ್ಡ ಡಾಕ್ಟರು ಬೇರೆ ಕಡೆಯವರು, ಇವರ ಭಾಷೆ ಅವರಿಗೆ ಬಾರದು. ಸೋಮವಾರ ಬೆಳಿಗ್ಗೆ ವಾರ್ಡಿನ ಹೊರಗೆ ನಿಂತು ಅವರು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದರು, ಮೇಷ್ಟ್ರ ಭುಜ ಮೆಲ್ಲಗೆ ಒತ್ತಿದರು, ಮುಂದಿನ ಹಾಸಿಗೆಗೆ ಹೋದರು. ಮೇಷ್ಟ್ರಿಗೆ ಒಂದಕ್ಷರ ಬಿಡದೆ ಅರ್ಥವಾಗಿತ್ತು. ಇನ್ನು ಗುಣವಾಗುವುದಿಲ್ಲ. ನೋವು ಗೊತ್ತಾಗದ ಹಾಗೆ ನೋಡಿಕೊಳ್ಳುತ್ತೇವೆ, ಅಷ್ಟೇ. ನೋಡಬೇಕಾದವರಿದ್ದರೆ ಬೇಗ ಕರೆಸಿ.

"ಏನಂದ್ರೋ? ಗರ ಬಡಿದವನ ಹಾಗೆ ನಿಂತುಬಿಟ್ಯಲ್ಲ, ಹೇಳೋ" ಎಂದಳು ಅಕ್ಕ.

ಹೇಳಬೇಕಾದ್ದು ಒಂದೇ ಮಾತು. ಆ ಒಂದು ಮಾತಿಗೆ ಮೇಷ್ಟ್ರ ನಾಲಿಗೆ ಏಳಲಿಲ್ಲ. ಅಯ್ಯೋ, ಎಷ್ಟು ಸಾವಿರ ಪದ ಉರುಳಿಸಿದ್ದ ನಾಲಿಗೆ ಅದು! ಕೊನೆಗೆ ಅದು ತನಗೆ ರೂಢಿಯಾದ ದಾರಿಯನ್ನೇ ಹಿಡಿಯಿತು.

"ಇನ್ಮೇಲೆ ಪ್ಯಾಲಿಯೇಟಿವ್ ಅಂದ್ರು ಅಕ್ಕ. ಅದು... ಅದು ಲ್ಯಾಟಿನ್‌ನಿಂದ ಬಂದಿದ್ದು. ಪಾಲಿಯಂ ಅಂದ್ರೆ ಅಲ್ಲಿ ಮೈಮೇಲೆ ಹೊದ್ದುಕೊಳ್ಳೋ ಬಟ್ಟೆ. ಹೊದಿಸೋದು ಅಂತ."

"ಅಂದ್ರೆ ಹೊದಿಸಿ ಕಾಪಾಡ್ತಾರೆ ಅನ್ನು! ಸದ್ಯ, ಬದುಕಿದೆಯಾ ಬಡಜೀವವೇ ಅನ್ನೋ ಹಾಗಾಯ್ತು. ನಾನೆಲ್ಲಿ ಕೈಬಿಟ್ರೋ ಅಂದ್ಕೊಂಡಿದ್ದೆ."

ಮೇಷ್ಟ್ರು ತಲೆಯಾಡಿಸಿದರು. ಅದು ಹೌದೂ ಅಲ್ಲ, ಅಲ್ಲವೂ ಅಲ್ಲ. ಅಕ್ಕ ಹೌದು ಎಂದೇ ತಿಳಿದಳು. ಅಲ್ಲೇ ನಿಂತು ಮಗಳಿಗೆ ಫೋನ್ ಹಚ್ಚಿದಳು. ಮಗಳು ಓದುತ್ತಿದ್ದುದು ದೂರದ ಊರಿನಲ್ಲಿ, ರೈಲಿನಲ್ಲಿ ಪೂರ್ತಿ ಒಂದು ಹಗಲಿನ ದಾರಿ. ಪರೀಕ್ಷೆ ನಡೆಯುತ್ತಿತ್ತು. "ಗಡಿಬಿಡಿ ಬೇಡ ಕಣೇ. ಈಗೇನೋ ಹೊಸ ಥರ ಕಾಪಾಡ್ತಾರಂತೆ, ಮಾಮಾನೇ ಹೇಳಿದ. ಪರೀಕ್ಷೆ ಮುಗಿಸಿಕೊಂಡು ಭಾನುವಾರ ಬಾ." ಆಚೆ ಕಡೆಯಿಂದ ಮಗಳು ನಿಟ್ಟುಸಿರು ಬಿಟ್ಟಿದ್ದು ಮೇಷ್ಟ್ರಿಗೂ ಕೇಳಿಸಿತು. ಫೋನು ಕಸಿದುಕೊಂಡು ಈಗಲೇ ಹೊರಡಮ್ಮ ಅನ್ನಬೇಕಿತ್ತು. ಅನ್ನಲಿಲ್ಲ. ಸಂಜೆ ಹೇಳಿದರಾಯಿತು ಅಂದುಕೊಂಡರು.

ಸಂಜೆ ಕ್ಯಾಂಟೀನಿನಲ್ಲಿ ಅಕ್ಕ ಎಷ್ಟೋ ದಿನಕ್ಕೆ ಹೊಟ್ಟೆ ತುಂಬ ತಿಂದಳು. ತಿನ್ನುವವಳ ಮುಂದೆ ಹೇಗೆ ಹೇಳುವುದು? ಮಂಗಳವಾರ ಅವಳು ನರ್ಸಿನ ಹತ್ತಿರ ನಗುತ್ತಾ ಮಾತಾಡುತ್ತಿದ್ದಳು. ನಗುವವಳ ಮುಂದೆ ಹೇಗೆ ಹೇಳುವುದು? ಹೀಗೆ ಹೇಡಿಗೆ ನೆವಕ್ಕೇನು ಬರ. ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಗುತ್ತಿತ್ತು, ಆದರೂ ಬಾಯಿ ಬರಲಿಲ್ಲ.

ಬುಧವಾರ ಬೆಳಿಗ್ಗೆ ಅಕ್ಕ ಬಟ್ಟೆ ತರಲು ಮನೆಗೆ ಹೋಗಿದ್ದಾಗ ಭಾವ ಕಣ್ಣು ಬಿಟ್ಟರು.

"ಮೂಲಪ್ಪ, ಹತ್ರ ಬಾ. ಡಾಕ್ಟ್ರು ಏನೋ ಒಂದು ಪದ ಹೇಳಿದ್ರಂತಲ್ಲ, ನಿಮ್ಮಕ್ಕ ಹೇಳ್ತಾ ಇದ್ಲು."

"ಹೌದು ಭಾವ. ಅದು ಲ್ಯಾಟಿನ್‌ನಲ್ಲಿ..."

"ಮೂಲಾನ ಆಮೇಲೆ ಕೇಳ್ತೀನಿ. ಅರ್ಥ ಹೇಳು."

ಮೇಷ್ಟ್ರು ಮಂಚದ ಕಂಬಿ ಹಿಡಿದು ನಿಂತೇ ಇದ್ದರು. ಕಣ್ಣು ತುಂಬಿ ಹರಿಯಿತು. ಭಾವ ಅವರನ್ನೇ ನೋಡಿದರು. ಆಮೇಲೆ ಅವರ ಮುಂಗೈ ತಟ್ಟಿದರು.

"ಸರಿ ಬಿಡು, ಗೊತ್ತಾಯ್ತು. ಅಳಬೇಡ ಮಾರಾಯ. ಮಗಳನ್ನ ಕರೆಸು. ಅವಳ ಹತ್ರ ಒಂದೆರಡು ಮಾತಾಡೋದಿದೆ."

ಮೇಷ್ಟ್ರು ಮೆಟ್ಟಿಲ ಹತ್ತಿರ ಓಡಿಹೋಗಿ ಅಕ್ಕನ ಮಗಳಿಗೆ ಫೋನ್ ಮಾಡಿದರು. ಪರೀಕ್ಷೆಯ ಹೊತ್ತು, ಅವಳ ಫೋನು ಆಫ್ ಆಗಿತ್ತು. ಮತ್ತೆ ಮತ್ತೆ ಮಾಡಿದರು. ಮಧ್ಯಾಹ್ನ ಅವಳು ಎತ್ತುವಷ್ಟರಲ್ಲಿ ಹಗಲಿನ ರೈಲು ಹೊರಟುಹೋಗಿತ್ತು. ಬಂದ ಅಕ್ಕನಿಗೂ ಅಂದೇ ಹೇಳಿದರು, ಗೋಡೆ ನೋಡುತ್ತಾ, ಎಲ್ಲವನ್ನೂ. ಅಕ್ಕ ಕೈಲಿದ್ದ ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಸೋಮವಾರವೇ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ. ಕೇಳಿ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮೇಷ್ಟ್ರಿಗೆ.

ಸಂಜೆಯ ಹೊತ್ತಿಗೆ ಭಾವನಿಗೆ ನೋವು ತಡೆಯದಾಯಿತು. ಇಂಜೆಕ್ಷನ್ ಹೆಚ್ಚಿಸಿದರು. "ಬಂದಳಾ?" ಎಂದು ಭಾವ ಎರಡು ಸಲ ಕೇಳಿದರು. ಆಮೇಲೆ ಏನನ್ನೂ ಕೇಳಲಿಲ್ಲ.

ಗುರುವಾರ ಮಗಳು ಚೀಲ ಬೆನ್ನಲ್ಲಿ ಹಾಕಿಕೊಂಡೇ ವಾರ್ಡಿಗೆ ನುಗ್ಗಿದಳು. "ಅಪ್ಪಾ, ಅಪ್ಪಾ" ಎಂದು ಕೆನ್ನೆ ಸವರಿದಳು, ಕಿವಿಯ ಹತ್ತಿರ ಬಾಗಿ ಕರೆದಳು. ಉಸಿರು ಆಡುತ್ತಿತ್ತು, ಕಣ್ಣು ತೆರೆಯಲಿಲ್ಲ. ಇನ್ನು ಎಚ್ಚರವಾಗುವುದು ಕಷ್ಟ ಎಂದಳು ನರ್ಸ್. "ಸೋಮವಾರಾನೇ ಡಾಕ್ಟ್ರು ಮನೆಯವರಿಗೆ ಹೇಳಿದ್ರಲ್ಲ ಮೇಡಂ."

ಮಗಳು ಹೊರಗೆ ಬಂದಳು. ಅಮ್ಮ, ಮಾಮ ಬೆಂಚಿನ ಮೇಲಿದ್ದರು.

"ಸೋಮವಾರ ಅಪ್ಪ ಮಾತಾಡ್ತಿದ್ರಾ?"

"ಹೂಂ. ನಿನ್ನೆ ತನಕ ಮಾತಾಡ್ತಿದ್ರು ಕಣೇ" ಎಂದಳು ಅಕ್ಕ.

"ಹಾಗಾದ್ರೆ ಭಾನುವಾರ ಬಾ ಅಂತ ನಂಗ್ಯಾಕೆ ಹೇಳಿದ್ರಿ? ಡಾಕ್ಟ್ರು ಸೋಮವಾರಾನೇ ಹೇಳಿದ್ರಂತೆ. ಯಾರಿಗೆ ಹೇಳಿದ್ರು?"

ಮೇಷ್ಟ್ರು ಎದ್ದು ನಿಂತರು. ಈ ಸಲವಾದರೂ ಹೇಳಿಯೇಬಿಡಬೇಕು ಎಂದು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ಅವರ ಕೈ ಹಿಡಿದು ಜಗ್ಗಿ ಮತ್ತೆ ಕೂರಿಸಿದಳು.

"ಇವನಿಗೇ ಹೇಳಿದ್ದು. ಇಂಗ್ಲಿಷ್‌ನಲ್ಲಿ ಗಡಗಡ ಅಂತ ಏನೋ ಅಂದು ಹೋದ್ರು ಕಣೇ. ಇವನಿಗೆ ಅರ್ಥ ಆಗಲಿಲ್ಲ, ಪಾಪ."

ಮಗಳು ಮಾಮನ ಮುಖ ನೋಡಿದಳು. "ನಿಂಗೆ ಅರ್ಥ ಆಗಲಿಲ್ವಾ, ಮಾಮ?"

ಅಕ್ಕನ ಹಿಡಿತ ಬಿಗಿಯಾಯಿತು.

"ಇಲ್ಲಮ್ಮ" ಎಂದರು ಮೇಷ್ಟ್ರು. "ಆಗಲಿಲ್ಲ."