ಎಡಗಾಲಿನ ಹದಿನೈದು ಕಿಲೋ

ಕಾರಿನ ಸೀಟನ್ನು ಬಿಚ್ಚಿ ತಂದು, ಶೆಡ್ಡಿನ ನೆಲದ ಮೇಲಿಟ್ಟು, ಅದರಲ್ಲಿ ಮೇಸ್ತ್ರಿಯನ್ನು ಕೂರಿಸಿದ್ದಾಯಿತು. ತಗ್ಗಿನ ಸೀಟು, ಕೂತರೆ ಕಾಲನ್ನು ಉದ್ದಕ್ಕೆ ಚಾಚಲೇಬೇಕು. ಎದುರಿನ ಗೋಡೆಗೆ ಮೈತೂಕ ನೋಡುವ ಯಂತ್ರವನ್ನು ನೆಟ್ಟಗೆ ಒರಗಿಸಿ, ಮುಳ್ಳನ್ನು ಸೊನ್ನೆಗೆ ತಂದು, ಮಗಳು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಸೀಟು ಹಿಂದಕ್ಕೆ ಜಾರದ ಹಾಗೆ ಅದರ ಬೆನ್ನನ್ನು ಹಿಡಿದು ನಿಲ್ಲುವ ಕೆಲಸ ಮೇಸ್ತ್ರಿಯ ಹೆಂಡತಿಯ ಪಾಲಿಗೆ ಬಂತು.

“ಅಮ್ಮಾ, ಗಟ್ಟಿಯಾಗಿ ಹಿಡ್ಕೋ. ಕೈ ಬಿಟ್ಟೀಯ ಮತ್ತೆ.”

“ನಲವತ್ತು ವರ್ಷದಿಂದ ಹಿಡ್ಕೊಂಡೇ ಇದೀನಿ ಕಣೇ. ಈಗ ಬಿಟ್ಟು ಎಲ್ಲಿಗೆ ಹೋಗ್ಲಿ?”

“ಕೇಳಿಸ್ಕೊಂಡ್ಯಾ ಮಗಳೇ,” ಎಂದರು ಮೇಸ್ತ್ರಿ, “ಬೇರೆ ದಾರಿ ಇದ್ದಿದ್ರೆ ಹೋಗ್ತಿದ್ಲಂತೆ.”

ಕಾರು ಇಬ್ಬರಿಗಷ್ಟೇ ಜಾಗವಿದ್ದ, ಮೇಲಿನ ಹೊದಿಕೆ ಮಡಚಿಡುವ ಪುಟ್ಟ ಸ್ಪೋರ್ಟ್ಸ್ ಕಾರು. ಅದರ ಹಳೆಯ ಎಂಜಿನ್ ಸೀಳಿಹೋಗಿ ಎಂಟು ವರ್ಷವಾಗಿತ್ತು. ಕಂಡವರ ಗಾಡಿಗಳನ್ನೆಲ್ಲ ರಿಪೇರಿ ಮಾಡಿ ಕಳಿಸುತ್ತಿದ್ದ ಮೇಸ್ತ್ರಿಗೆ ತಮ್ಮದನ್ನು ಮುಟ್ಟಲು ಪುರುಸೊತ್ತಿರಲಿಲ್ಲ. ಪುರುಸೊತ್ತು ಸಿಕ್ಕಿದ್ದು ಕಾಯಿಲೆ ಬಂದ ಮೇಲೆ. ನರ ಸೊರಗುವ ಕಾಯಿಲೆ. ಎಡಪಾದದಲ್ಲಿ ಶುರುವಾಗಿದೆ, ಮೇಲಕ್ಕೆ ಹತ್ತುತ್ತದೆಯೇ ಹೊರತು ಇಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮೇಸ್ತ್ರಿ ಅತ್ತವರಲ್ಲ, ಕೂಗಾಡಿದವರಲ್ಲ. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಒಂದು ಮಾತು ಹೇಳಿದ್ದರು: “ಕಾಲು ಇನ್ನೂ ನಂದಾಗಿರೋವಾಗ್ಲೇ ಆ ಗಾಡೀನ ನಾನೇ ಗೇಟಿಂದ ಆಚೆ ತಗೋಬೇಕು.”

ಮಗಳು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅಪ್ಪನ ಕೈಯಲ್ಲೇ ಪಳಗಿದವಳು. ಹುಡುಕಿ ಹುಡುಕಿ ಎರಡು ಎಂಜಿನ್ ಗೊತ್ತುಮಾಡಿದ್ದಳು. ಒಂದು, ಪಲ್ಟಿಯಾದ ದೊಡ್ಡ ಕಾರಿನದು, ಎರಡು ಲೀಟರಿನದು. ಅದರ ಎಳೆತಕ್ಕೆ, ಎಡಗಾಲಲ್ಲಿ ಒತ್ತುವ ಕ್ಲಚ್ಚು ಗಟ್ಟಿಯದೇ ಬೇಕು, ಇಲ್ಲವಾದರೆ ಜಾರುತ್ತದೆ. ಇನ್ನೊಂದು ಮೂರು ಸಿಲಿಂಡರಿನ ಚಿಕ್ಕದು, ಸಂಸಾರಸ್ಥರು ಓಡಿಸುವ ಗಾಡಿಯದು. ಅದರ ಕ್ಲಚ್ಚು ಮೆತ್ತಗೆ. ಪೆಡಲಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ನೋಡಿ ಬಂದಿದ್ದಳು. ದೊಡ್ಡದಕ್ಕೆ ಹದಿನಾಲ್ಕು ಕಿಲೋ, ಚಿಕ್ಕದಕ್ಕೆ ಎಂಟು. ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಕೂರಿಸೋಣವೆಂದರೆ ಅದರ ಗೇರ್ ಪೆಟ್ಟಿಗೆ ಈ ಪುಟ್ಟ ಕಾರಿನ ಹೊಟ್ಟೆಯಲ್ಲಿ ಹಿಡಿಸುವುದಿಲ್ಲ. ಹಿಡಿಸಿದ್ದರೂ ಮೇಸ್ತ್ರಿ ಒಪ್ಪುತ್ತಿರಲಿಲ್ಲ ಎನ್ನಿ.

“ನಿನ್ನ ಕಾಲು ಹೇಳಿದ್ದೇ ಆಯ್ಕೆ ಅಪ್ಪಾ. ಹದಿನಾಲ್ಕರ ಮೇಲೆ ಬಂದ್ರೆ ದೊಡ್ಡದು. ಇಲ್ಲಾಂದ್ರೆ ತೆಪ್ಪಗೆ ಚಿಕ್ಕದು. ಕಿರಿಕಿರಿ ಮಾಡೋ ಹಾಗಿಲ್ಲ.”

“ಚಿಕ್ಕದು ಹೊಲಿಗೆ ಮೆಷಿನ್ ಥರ ಸದ್ದು ಮಾಡುತ್ತೆ.”

“ಒತ್ತು ನೀನು.”

ಮೇಸ್ತ್ರಿ ಒತ್ತಿದರು. ಎಡಪಾದ ಯಂತ್ರಕ್ಕೆ ತಾಗಿ, ಮುಳ್ಳು ಒಂಬತ್ತರ ಬಳಿ ನಡುಗಿತು. “ಇನ್ನೂ ಸರಿಯಾಗಿ ಕೂತಿಲ್ಲ, ತಡಿ,” ಎಂದು ಕಾಲು ತೆಗೆದರು. ಮಗಳು ಮುಳ್ಳಿನ ಮೇಲೇ ಕಣ್ಣು ನೆಟ್ಟಿದ್ದಳು, ಬೆನ್ನು ಅಪ್ಪನ ಕಡೆಗೆ. ಮೇಸ್ತ್ರಿ ಎಡಗೈಯನ್ನು ಮೆಲ್ಲಗೆ ಮಂಡಿಯ ಮೇಲಿಟ್ಟು, ಬೆರಳಿನ ಗೆಣ್ಣು ಬೆಳ್ಳಗಾಗುವ ಹಾಗೆ ಅದುಮಿ ಕಾಲನ್ನು ಯಂತ್ರಕ್ಕೆ ನೂಕಿದರು. ಹಿಂದೆ ನಿಂತಿದ್ದ ಹೆಂಡತಿಗೆ ಅದೆಲ್ಲ ಅಂಗೈ ಮೇಲಿಟ್ಟಂತೆ ಕಾಣುತ್ತಿತ್ತು. ಮೇಸ್ತ್ರಿ ತಲೆಯೆತ್ತಿ ಆಕೆಯನ್ನು ನೋಡಿದರು. ಕದ್ದ ಸಾಮಾನನ್ನು ಜೇಬಿನಲ್ಲಿಟ್ಟುಕೊಂಡ ಮಗುವಿನ ಮುಖ.

“ಹದಿನೈದು,” ಎಂದಳು ಮಗಳು, ನಂಬಲಾಗದವಳ ಹಾಗೆ. ಆಮೇಲೆ ಅವಳ ದನಿಯೇ ಬೇರೆಯಾಯಿತು. “ಅಪ್ಪಾ, ಹದಿನೈದು.”

ಹೆಂಡತಿ ಗೋಡೆಯ ಕಡೆ ನೋಡಿದಳು. ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲವೆಂದರೆ, ಈ ಹಟ ಯಾರಿಗೋಸ್ಕರ ಎಂಬುದು ಆಕೆಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಇದೇ ಕಾರಿನಲ್ಲಿ ಊರಾಚೆಯ ಗುಡ್ಡದ ಏರಿಗೆ ಹೋಗುತ್ತಿದ್ದರು. ನೀರಿನ ಟ್ಯಾಂಕಿನ ತಿರುವಿಗೆ ಬರುವಷ್ಟರಲ್ಲಿ ಗಾಡಿಗೆ ಏದುಸಿರು. ಪ್ರತಿಸಲವೂ ಆಕೆ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಕ್ಕದಲ್ಲಿ ನಡೆದೇ ಏರು ಹತ್ತಬೇಕಿತ್ತು. “ನನ್ನನ್ನ ಕಾರಲ್ಲಿ ತಿರುಗಾಡಿಸ್ತೀನಿ ಅಂತ ಕಟ್ಕೊಂಡು ಕಾರಿನ ಜೊತೆ ವಾಕಿಂಗ್ ಮಾಡಿಸ್ತಾರೆ,” ಎಂದು ಆಕೆ ಹೋದಲ್ಲೆಲ್ಲ ಹೇಳಿ ನಗಿಸಿದ್ದಳು. ಆಕೆ ತಮಾಷೆಗೆ ಹೇಳಿದ್ದನ್ನು ಮೇಸ್ತ್ರಿ ಮನಸ್ಸಿಗೆ ಹಚ್ಚಿಕೊಂಡಿದ್ದರು. “ನೀನು ಇಳೀದೇ ಇರೋ ಅಂಥ ಎಂಜಿನ್ ಒಂದಿನ ಹಾಕ್ತೀನಿ ಕಣೇ,” ಎನ್ನುತ್ತಿದ್ದರು. ಅಂಥ ಮನುಷ್ಯನ ಕೈ ಹಿಡಿದು ಮಗಳೆದುರು ಕಳ್ಳ ಎನ್ನುವುದು ಹೇಗೆ?

ದೊಡ್ಡ ಎಂಜಿನ್ ಬಂತು. ಡಿಪೋದ ಕೆಲಸ ಮುಗಿಸಿ ಬಂದು ಮಗಳು ದಿನವೂ ಅದಕ್ಕೇ ಜೋತುಬಿದ್ದಳು. ಕಾರಿನ ಅಡಿಯ ಅಡ್ಡಪಟ್ಟಿ ಕತ್ತರಿಸಿ ಹಿಂದಕ್ಕೆ ಸರಿಸಬೇಕಾಯಿತು, ಎಂಜಿನ್ ಕೂರುವ ಕಾಲುಗಳನ್ನು ಹೊಸದಾಗಿ ವೆಲ್ಡ್ ಮಾಡಬೇಕಾಯಿತು. ರೇಡಿಯೇಟರಿಗೆ ಜಾಗವೇ ಸಾಲದೆ ಎರಡು ಸಲ ಬಿಚ್ಚಿ ಕಟ್ಟಿದ್ದಾಯಿತು. ಮೇಸ್ತ್ರಿ ಕುರ್ಚಿಯಲ್ಲಿ ಕೂತು, “ಆ ಬೋಲ್ಟಿಗೆ ಅಷ್ಟು ಬಿಗಿ ಬೇಡ, ಅದೂ ಜೀವವೇ,” ಎನ್ನುತ್ತಿದ್ದರು. ಅಪ್ಪ ಮಗಳು ಹಾಗೆ ನಗುವುದನ್ನು ಕಂಡು ಎಷ್ಟು ದಿನವಾಗಿತ್ತೋ.

ಹೇಳಿಬಿಡಬೇಕೆಂದು ಹೆಂಡತಿ ಮೂರು ಸಲ ಶೆಡ್ಡಿನ ಬಾಗಿಲಿಗೆ ಬಂದಳು. ಮೂರು ಸಲವೂ ಟೀ ಲೋಟ ಇಟ್ಟು ಹಿಂದಿರುಗಿದಳು. ಆ ಹೊತ್ತಿಗೆ ಮೇಸ್ತ್ರಿಯ ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿಕೊಂಡು ಹಿಂದೆ ಉಳಿಯುತ್ತಿತ್ತು, ಅವರಿಗೆ ಗೊತ್ತೂ ಆಗುತ್ತಿರಲಿಲ್ಲ. ಆಕೆ ಹಿಂದಿನಿಂದ ಎತ್ತಿಕೊಂಡು ಬಂದು ತೊಡಿಸುತ್ತಿದ್ದಳು.

ಏಳು ವಾರಕ್ಕೆ ಗಾಡಿ ಸಿದ್ಧವಾಯಿತು. ಭಾನುವಾರ ಬೆಳಗ್ಗೆ ಆಕೆ ಗೇಟು ತೆರೆದು ಹಿಡಿದಳು. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿ, ಸ್ಟೇರಿಂಗ್ ಹಿಂದೆ ಕೂತರು. ಮಗಳು ಕಾಲುಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟಳು. ಕೀಲಿ ತಿರುಗಿಸಿದರು. ಎಂಜಿನ್ನಿನ ಸದ್ದಿಗೆ ಶೆಡ್ಡಿನ ತಗಡು ಗುಂಯ್ ಎಂದಿತು. ಮೇಸ್ತ್ರಿ ಕಣ್ಣು ಮುಚ್ಚಿ ಅದನ್ನೇ ಆಲಿಸಿದರು.

ಆಮೇಲೆ ಎಡಗಾಲು ಕ್ಲಚ್ಚಿಗೆ ಹೋಯಿತು. ಪೆಡಲು ಒಂದಿಷ್ಟು ಒಳಗೆ ಹೋಗಿ ನಿಂತಿತು. ಮೇಸ್ತ್ರಿ ಮತ್ತೆ ಒತ್ತಿದರು. ಅವರ ಕೈ ಮಂಡಿಯನ್ನು ಹುಡುಕಿಕೊಂಡು ಹೋಯಿತು. ಆದರೆ ಆ ಇಕ್ಕಟ್ಟಿನಲ್ಲಿ ಸ್ಟೇರಿಂಗ್ ಅಡ್ಡ ಬಂದು, ಮೊಣಕೈ ಬಾಗಿಲಿಗೆ ತಗುಲಿತು. ಕೈ ಅಲ್ಲೇ ಗಾಳಿಯಲ್ಲಿ ನಿಂತಿತು.

ಮಗಳ ಕಣ್ಣು ಆ ಕೈಯ ಮೇಲೆ ಬಿತ್ತು.

“ಅಪ್ಪಾ, ಅವತ್ತು ಹದಿನೈದು ಬಂದಿತ್ತಲ್ಲ?”

“ಹಳೇ ಮೆಷಿನ್ ಅದು. ಸುಳ್ಳು ಹೇಳಿರಬೇಕು.”

“ಮೆಷಿನ್ ಏನೂ ಹೇಳಿಲ್ಲ,” ಎಂದಳು ಹೆಂಡತಿ ಗೇಟಿನ ಬಳಿಯಿಂದ. “ಕೈಯಲ್ಲಿ ಅದುಮಿದ್ರು. ನಾನು ನೋಡಿದ್ದೆ.”

ಮಗಳು ಎಂಜಿನ್ ಆಫ್ ಮಾಡಿದಳು. ಯಾರ ಮೇಲೂ ರೇಗಲಿಲ್ಲ. ರೇಗಿದ್ದರೆ ಅಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತಾ, ಒರೆಸಿದ ಬೆರಳನ್ನೇ ಮತ್ತೆ ಒರೆಸುತ್ತಾ, “ಚಿಕ್ಕದಾಗಿದ್ರೆ ಏನೂ ಕತ್ತರಿಸೋದಿರಲಿಲ್ಲಮ್ಮ, ಮೂರು ವಾರದಲ್ಲಿ ಮುಗೀತಿತ್ತು,” ಎಂದಳು.

“ಈಗ ಹಾಕಕ್ಕಾಗಲ್ವಾ ಅದನ್ನ?” ಎಂದಳು ಹೆಂಡತಿ.

ಮಗಳು ಬಾಗಿ ಅಪ್ಪನ ಪಾದದಡಿ ಅಂಗೈ ಇಟ್ಟಳು. “ಒತ್ತಪ್ಪಾ.” ಮೇಸ್ತ್ರಿ ಒತ್ತಿದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು ಅಮ್ಮನತ್ತ ನೋಡಿ ತಲೆಯಾಡಿಸಿದಳು. ಆ ಒತ್ತು ಎಂಟು ಕಿಲೋ ಕೂಡ ಇರಲಿಲ್ಲ.

ಏಳು ವಾರದಲ್ಲಿ ಮೂರು ಕಳೆದರೆ ನಾಲ್ಕು. ನಾಲ್ಕು ವಾರ ಈ ಮನುಷ್ಯ ಹೊಲಿಗೆ ಮೆಷಿನ್ನಿನ ಸದ್ದು ಮಾಡುತ್ತಾ ಗೇಟಿಂದ ಆಚೆ ಈಚೆ ಓಡಾಡಬಹುದಿತ್ತು. ಬೈದುಕೊಂಡಾದರೂ ಓಡಾಡುತ್ತಿದ್ದರು. ಆಕೆ ಗೇಟಿನ ಸರಳನ್ನು ಹಿಡಿದೇ ನಿಂತಳು.

“ನನ್ನ ಇಳಿಸು ಮಗಳೇ,” ಎಂದರು ಮೇಸ್ತ್ರಿ. “ಕುರ್ಚಿ ಗೇಟಿನ ಹತ್ರ ಹಾಕು. ನಿಮ್ಮಮ್ಮನ್ನ ಕೂರಿಸ್ಕೊಂಡು ಏರು ಹತ್ತಿಸ್ಕೊಂಡು ಬಾ.”

“ನಂಗೆ ಬೇಡ,” ಎಂದಳು ಹೆಂಡತಿ.

“ನಾನು ಕಳ್ಳತನ ಮಾಡಿದ್ದು ಸುಮ್ನೇನಾ? ಹತ್ತು.”

ಹತ್ತಿದಳು. ಹೊಸ ಅಂಗಡಿಗಳು, ಆಸ್ಪತ್ರೆಯ ಗೋಡೆ ದಾಟಿ ಏರು ಶುರುವಾಯಿತು. ಮಗಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ನೀರಿನ ಟ್ಯಾಂಕಿನ ತಿರುವು ಬಂದಾಗ ಆಕೆಯ ಕೈ ತಾನಾಗಿಯೇ ಬಾಗಿಲಿನ ಹಿಡಿಗೆ ಹೋಯಿತು. ಗಾಡಿ ಏದುಸಿರು ಬಿಡಲಿಲ್ಲ. ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಆಕೆ ತುದಿ ಮುಟ್ಟಿದಳು. ಮಗಳು ಗಾಡಿ ನಿಲ್ಲಿಸಿದಳು, ತಿರುಗಿಸಿಕೊಂಡು ಬಂದರು.

ಮೇಸ್ತ್ರಿ ಕುರ್ಚಿಯಲ್ಲಿ ಹಾಗೇ ಕೂತಿದ್ದರು, ಕಿವಿ ಏರಿನ ಕಡೆಗೆ.

“ಇಳೀಬೇಕಾಯ್ತಾ?”

“ಇಲ್ಲ.”

“ಎರಡನೇ ಗೇರಲ್ಲಾ?”

“ಮೂರನೇದ್ರಲ್ಲಿ ಅಪ್ಪಾ,” ಎಂದಳು ಮಗಳು.

“ಮೂರನೇದು,” ಎಂದರು ಮೇಸ್ತ್ರಿ. ಆಮೇಲೆ ಇನ್ನೊಂದು ಸಲ ತಮ್ಮಷ್ಟಕ್ಕೇ ಅಂದುಕೊಂಡರು.

ಅವರ ಎಡಗಾಲಿನ ಚಪ್ಪಲಿ ಕಳಚಿ ಮಣ್ಣಿನಲ್ಲಿ ಬಿದ್ದಿತ್ತು. ಆಕೆ ಬಗ್ಗಿ ಎತ್ತಿಕೊಂಡಳು. ಪಾದ ತಣ್ಣಗಿತ್ತು. ತೊಡಿಸುವ ಮೊದಲು ಪಾದವನ್ನು ಸೆರಗಿನಲ್ಲಿ ಒರೆಸಿದಳು, ಮತ್ತೆ ಒರೆಸಿದಳು. ಕೈ ಮಾತ್ರ ಪಾದವನ್ನು ಬಿಡಲು ಒಪ್ಪಲಿಲ್ಲ.