ಟೈಲರ್ ಮನೆಯ ಸೊಟ್ಟ ಸ್ಟೀರಿಂಗ್

ಮನುಷ್ಯನ ನೆಮ್ಮದಿ ಕೆಡಲು ಯುದ್ಧವೋ ಭೂಕಂಪವೋ ಆಗಬೇಕೆಂದೇನಿಲ್ಲ. ಕಾರು ನೇರವಾಗಿ ಹೋಗುತ್ತಿರುವಾಗ ಅದರ ಸ್ಟೀರಿಂಗ್ ಎರಡು ಬೆರಳಿನಷ್ಟು ಬಲಕ್ಕೆ ವಾಲಿದ್ದರೆ ಸಾಕು. ಕಾರುಳ್ಳ ಪ್ರತಿಯೊಂದು ಕುಟುಂಬವೂ ಕೂತು ಚಿಂತಿಸಬೇಕಾದ ಗಹನ ವಿಷಯವಿದು. ನಮ್ಮ ಬೀದಿಯ ಟೈಲರ್ ಮಾತ್ರ ಚಿಂತಿಸಲಿಲ್ಲ.

"ನೇರವಾಗೇ ಇದೆಯಲ್ಲ, ನಿಮ್ಮ ಕಣ್ಣಿಗೇನಾಗಿದೆ?" ಎನ್ನುತ್ತಿದ್ದರು.

ಮಗಳ ಡ್ರೈವಿಂಗ್ ಪರೀಕ್ಷೆ ಬಂತು. ಹುಡುಗಿ ಸ್ಟೀರಿಂಗನ್ನು ನೇರವಾಗಿ ಹಿಡಿದಳು. ಕಾರು ಎಡಕ್ಕೆ ಹೋಗಿ ಪ್ಲಾಸ್ಟಿಕ್ ಕಂಬವೊಂದನ್ನು ಪ್ರೀತಿಯಿಂದ ಮಲಗಿಸಿತು. ಫೇಲ್. ಶುಕ್ರವಾರ ಮತ್ತೊಂದು ಅವಕಾಶವಿತ್ತು. ಮನೆಮನೆಗೆ ಔಷಧಿ ತಲುಪಿಸುವ ಕೆಲಸಕ್ಕೆ ಔಷಧಿ ಅಂಗಡಿಯವರು ಅವಳನ್ನು ಆರಿಸಿದ್ದರು. ಸೋಮವಾರ ಲೈಸೆನ್ಸ್ ತಂದು ತೋರಿಸಿದರೆ ಕೆಲಸ, ಇಲ್ಲವಾದರೆ ಬೇರೆಯವರ ಪಾಲು.

"ರೀ, ಈಗಲಾದರೂ ಏನಾದ್ರೂ ಮಾಡ್ತೀರಾ?" ಎಂದರು ಹೆಂಡತಿ.

"ಅದೇನು ಬ್ರಹ್ಮವಿದ್ಯೆಯಾ? ಕಾಲರ್ ಸೊಟ್ಟ ಬಂದ್ರೆ ಏನು ಮಾಡ್ತೀವಿ? ಬಿಚ್ಚಿ, ನೇರ ಇಟ್ಟು, ಮತ್ತೆ ಹೊಲೀತೀವಿ. ಸ್ಟೀರಿಂಗೂ ಅಷ್ಟೇ" ಎಂದು ಟೈಲರ್ ಸ್ಪ್ಯಾನರ್ ಹಿಡಿದು ಕಾರಿನೊಳಗೆ ಕೂತರು.

ಅಷ್ಟರಲ್ಲಿ, ಹೊಲಿಯಲು ಕೊಟ್ಟಿದ್ದ ಕೋಟು ಕೇಳಲು ಪಕ್ಕದ ಮನೆಯ ವ್ಯಾನಕ್ಕ ಬಂದರು. ಶಾಲಾ ವ್ಯಾನ್ ಓಡಿಸುವವರು, ಅದರ ರಿಪೇರಿಯನ್ನೂ ತಾವೇ ಮಾಡಿಕೊಳ್ಳುವವರು. ಒಳಗಿನ ದೃಶ್ಯ ಕಂಡು ಕೋಟು ಮರೆತರು.

"ಅಣ್ಣ, ಕೈ ತೆಗೀರಿ! ಆ ಸ್ಟೀರಿಂಗ್ ಒಳಗೆ ಏರ್‌ಬ್ಯಾಗ್ ಇದೆ. ಎಡವಟ್ಟಾದ್ರೆ ಮುಖಕ್ಕೇ ಸಿಡಿಯುತ್ತೆ."

"ಗಾಳಿಚೀಲಕ್ಕೆ ಹೆದರೋ ಮುಖವಾ ಇದು?"

"ಮುಖ ಹೆದರಲ್ಲ ಅಣ್ಣ, ಹಲ್ಲು ಹೆದರುತ್ತೆ."

ಟೈಲರ್ ಇಳಿದರು. ಹಲ್ಲು ಕಟ್ಟಿಸಿಕೊಂಡು ಇನ್ನೂ ವರ್ಷವಾಗಿರಲಿಲ್ಲ.

"ಕಾಲರ್ ಸೊಟ್ಟ ಅಂದ್ರಲ್ಲ, ಭುಜವನ್ನೇ ತಪ್ಪಾಗಿ ಕತ್ತರಿಸಿದ್ರೆ ಕಾಲರ್ ಬಿಚ್ಚಿ ಏನು ಪ್ರಯೋಜನ?" ಎಂದು ವ್ಯಾನಕ್ಕ ಕೇಳಿದರು. "ದೋಷ ಇರೋದು ಕೆಳಗೆ. ಸ್ಟೀರಿಂಗಿನಿಂದ ಮುಂದಿನ ಎರಡು ಚಕ್ರಕ್ಕೂ ಒಂದೊಂದು ಟೈ ರಾಡ್ ಅನ್ನೋ ಸರಳು ಹೋಗುತ್ತೆ. ಅದರ ಉದ್ದ ಹೊಂದಿಸಬೇಕು. ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ್ದು ಯಾವಾಗ?"

"ಹೋದ ತಿಂಗಳು. ನಾನೇ ಒಳಗೆ ಕೂತಿದ್ದೆ. ಸ್ಟೀರಿಂಗ್ ನೇರ ಹಿಡ್ಕೊಳ್ಳಿ ಅಂದ್ರು ಅಂಗಡಿಯವರು, ಅಲ್ಲಾಡದಂಗೆ ಹಿಡ್ಕೊಂಡಿದ್ದೆ."

ಎಲ್ಲರೂ ಟೈಲರ್ ಕಡೆ ನೋಡಿದರು. ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಅವರ ಕುತ್ತಿಗೆ ಬಲಗಡೆಗೆ ವಾಲಿತ್ತು, ಸ್ಟೀರಿಂಗ್ ವಾಲಿದಷ್ಟೇ.

"ಅಯ್ಯೋ ದೇವರೇ! ಗೋಡೆ ಮೇಲಿನ ಫೋಟೋಗಳನ್ನೆಲ್ಲ ಹಿಂಗೇ ನೇತು ಹಾಕಿದ್ದಾರೆ. ನಮ್ಮತ್ತೆ ಫೋಟೋದಲ್ಲಿ ಜಾರಿ ಬೀಳೋ ಹಂಗಿದ್ದಾರೆ" ಎಂದರು ಹೆಂಡತಿ.

"ನನ್ನ ಕೈಯಲ್ಲಿ ಹೊಲಿದ ಒಂದು ಬಟ್ಟೆ ಸೊಟ್ಟ ಇದೆಯಾ, ತೋರಿಸಿ!"

"ಬಟ್ಟೆಗೆ ಸ್ಕೇಲ್ ಇಡ್ತೀರಿ ಅಣ್ಣ. ಸ್ಟೀರಿಂಗಿಗೆ ಬರೀ ಕಣ್ಣಿಟ್ರಿ."

ಟೈಲರ್ ಸ್ಪ್ಯಾನರನ್ನು ವ್ಯಾನಕ್ಕನ ಕೈಗೆ ಕೊಟ್ಟರು.

ವ್ಯಾನಕ್ಕ ಮೊದಲು ಟೈರುಗಳ ಗಾಳಿ ನೋಡಿದರು. ಕಾರನ್ನು ಸಮತಟ್ಟು ಜಾಗಕ್ಕೆ ತರಿಸಿ, ಹಿಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಮುಂಭಾಗ ಎತ್ತಿ ಗಟ್ಟಿಯಾದ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿದರು. "ಬರೀ ಜಾಕಿ ನಂಬಿ ಅಡಿಗೆ ಹೋದವರಿಗೆ ಹೊರಗೆ ಬರೋ ಗ್ಯಾರಂಟಿ ಇಲ್ಲ" ಎಂದರು. ರಾಡ್ ಬಗ್ಗಿಲ್ಲ, ಚಕ್ರ ಲೊಡಲೊಡ ಅನ್ನುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎರಡೂ ರಾಡ್‌ಗಳನ್ನು ಬಿಗಿಹಿಡಿದ ಲಾಕ್ ನಟ್ ಸಡಿಲಿಸಿ, ಎಷ್ಟು ತಿರುಗಿಸಿದೆವೆಂದು ತಿಳಿಯಲು ಟೈಲರ್ ಅವರ ಸೀಮೆಸುಣ್ಣದಿಂದಲೇ ಗುರುತು ಹಾಕಿದರು.

"ಒಂದು ಕಡೆ ಕಾಲು ಸುತ್ತು ಉದ್ದ, ಇನ್ನೊಂದು ಕಡೆ ಕಾಲು ಸುತ್ತು ಗಿಡ್ಡ. ಎರಡೂ ಸಮ ಇರಬೇಕು. ಒಂದು ತೋಳು ಬಿಚ್ಚಿದಷ್ಟೇ ಇನ್ನೊಂದು ತೋಳು ಮಡಚಿದ ಹಾಗೆ."

"ಯಾವ ಗಿರಾಕಿ ಹಂಗೆ ಹೊಲಿಸ್ಕೋತಾನೆ?"

"ಈ ಗಿರಾಕಿ" ಎಂದು ವ್ಯಾನಕ್ಕ ಕಾರಿನ ಬಾನೆಟ್ ತಟ್ಟಿದರು.

ನಟ್ ಬಿಗಿದು, ಕಾರು ಇಳಿಸಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ನೋಡಿದಾಗ ಸ್ಟೀರಿಂಗ್ ಇನ್ನಷ್ಟು ವಾಲಿತು. ಟೈಲರ್ ಮುಖ ಅರಳಿತು.

"ನಾನು ಹೇಳಲಿಲ್ವಾ!"

"ದಿಕ್ಕು ಉಲ್ಟಾ ಆಯ್ತು, ಅಷ್ಟೇ. ಇಷ್ಟಕ್ಕೆ ಹಬ್ಬ ಮಾಡಬೇಡಿ" ಎಂದು ವ್ಯಾನಕ್ಕ ಕಾರನ್ನು ಮತ್ತೆ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ ಕೆಳಗೆ ಹೋದರು. ಈ ಸಲ ಎರಡೂ ರಾಡ್‌ಗಳನ್ನು ಹಿಂದಿನ ಗುರುತಿಗೆ ತಂದು, ಅಲ್ಲಿಂದ ಆಚೆ ಕಾಲು ಸುತ್ತು ತಿರುಗಿಸಿ, ನಟ್ ಬಿಗಿದು ಕಾರು ಇಳಿಸಿದರು. ಮತ್ತೆ ಓಡಿಸಿದಾಗ ಮಗಳು ಒಳಗಿನಿಂದ ಕೂಗಿದಳು:

"ಅಪ್ಪ, ಈಗ ನೇರ ಬಂತು!"

ಕಾರು ನಿಂತಾಗ ಟೈಲರ್ ಕಿಟಕಿಯಲ್ಲಿ ಬಗ್ಗಿ ನೋಡಿದರು. "ಎಡಕ್ಕೆ ವಾಲಿದೆಯಲ್ಲಮ್ಮ."

ಹೆಂಡತಿ ಬಂದು ಗಂಡನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೆಟ್ಟಗೆ ಮಾಡಿದರು. "ಈಗ ನೋಡಿ."

"ಹೌದಲ್ಲ!" ಎಂದರು ಟೈಲರ್, ನೋವಿನಿಂದಲೂ ಬೆರಗಿನಿಂದಲೂ.

ಆದ್ದರಿಂದ ಓದುಗರೇ, ನಿಮ್ಮ ಕಾರಿನ ಸ್ಟೀರಿಂಗ್ ಸೊಟ್ಟಗಿದ್ದರೆ ಅದನ್ನು ಕಿತ್ತು ಮತ್ತೆ ಕೂರಿಸಲು ಹೋಗಬೇಡಿ. ಟೈರಿನ ಗಾಳಿ ನೋಡಿ. ಗುಂಡಿಗೋ ಕಲ್ಲಿಗೋ ಬಡಿದ ಮೇಲೆ ಹೀಗಾಗಿದ್ದರೆ, ರಾಡ್ ಬಗ್ಗಿದ್ದರೆ, ಕಾರು ತಾನಾಗಿ ಒಂದು ಕಡೆಗೆ ಎಳೆಯುತ್ತಿದ್ದರೆ, ಎದುರಿನ ಫಲಕದಲ್ಲಿ ಎಚ್ಚರಿಕೆಯ ದೀಪ ಹೊತ್ತಿದ್ದರೆ ಮನೆಮದ್ದು ಬೇಡ, ಅಲೈನ್‌ಮೆಂಟ್ ಅಂಗಡಿಗೆ ಹೋಗಿ. ಮನೆಯಲ್ಲೇ ಮಾಡುವುದಾದರೆ ತಿಳಿದವರನ್ನು ಜೊತೆಗಿಟ್ಟುಕೊಳ್ಳಿ, ಎರಡೂ ಕಡೆ ಸಮವಾಗಿ ತಿರುಗಿಸಿ, ಲಾಕ್ ನಟ್ ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿ. ನೇರ ಯಾವುದೆಂದು ಇನ್ನೊಬ್ಬರನ್ನೂ ಕೇಳಿ. ಕೇಳಿದರೆ ಮರ್ಯಾದೆ ಹೋಗುವುದಿಲ್ಲ.

ಶುಕ್ರವಾರ ಮಗಳು ಪಾಸಾದಳು. ಸೋಮವಾರ ಕೆಲಸಕ್ಕೆ ಸೇರಿದಳು.